ದೀವದ ಹಕ್ಕಿ ತಂದ ಹೊಸತೊಡಕು

ಪುಟ್ಟಿ, ಚಿನ್ನು, ನಮ್ಮ ಹಿತ್ತಿಲಿಗೆ ಯಾವ ಯಾವ ಹಕ್ಕಿ ಬರುತ್ತವೆ ಎಂದು ಕೇಳಿದ್ದಿರಿ. ಬರೆದು ತಿಳಿಸುತ್ತೇನೆ, ಆದರೆ ಬರೆಯುತ್ತಾ ಬರೆಯುತ್ತಾ ನನಗೆ ಸಿಟ್ಟು ಬರುತ್ತದೆ, ಸಹಿಸಿಕೊಳ್ಳಿ.

ಶಿವರಾತ್ರಿ ಕಳೆದು ಹೊಂಗೆ ಚಿಗುರಿತೆಂದರೆ ಹಿತ್ತಿಲಿಗೆ ಬಿಡುವಿಲ್ಲ. ನುಗ್ಗೆ ಹೂವಿಗೆ ಸೂರಕ್ಕಿ ಬರುತ್ತದೆ. ಹೆಬ್ಬೆರಳುದ್ದ ಇದ್ದುಕೊಂಡು ಕಾಗೆಯನ್ನೇ ಗದರಿಸುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತ ನೀರಿಗೆ ಮುಂಗುಸಿಯೂ ಬಂದು, ನಾನು ಅಲ್ಲೇ ಕುಳಿತಿದ್ದರೂ ಲೆಕ್ಕಕ್ಕಿಡದೆ ಕುಡಿದು ಹೋಗುತ್ತದೆ. ನಿಮ್ಮ ತಾತ ಹೋದ ಮೇಲೆ ಜನ ಕೂರುವ ಜಗಲಿಗಿಂತ ಆ ಕಲ್ಲೇ ನನಗೆ ಹಿತ.

ಈ ವರ್ಷ ಬೇಲಿ ಬುಡದಲ್ಲಿ ಗೌಜಲು ಮರಿ ಮಾಡಿತ್ತು. ಗೌಜಲು ಕೋಳಿಗಿಂತ ಚಿಕ್ಕದು, ಮಣ್ಣಿನದೇ ಬಣ್ಣ, ಹಾರುವುದಕ್ಕಿಂತ ಓಡುವುದೇ ಹೆಚ್ಚು. ಗಂಡುಹಕ್ಕಿ ಮರದ ದಿಮ್ಮಿ ಹತ್ತಿ ಕೂಗಿ ಕಾವಲು ನಿಲ್ಲುವುದು, ತಾಯಿ ಮರಿಗಳನ್ನು ತಿಪ್ಪೆಯ ಗೆದ್ದಲು ತಿನ್ನಿಸಲು ಕರೆದೊಯ್ಯುವುದು. ಮರಿಗಳ ಓಟ ನೋಡಿದರೆ ಯಾರೋ ಹುಣಸೆಬೀಜ ಚೆಲ್ಲಿದ ಹಾಗಿರುತ್ತಿತ್ತು.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಅಂದು ನಮ್ಮ ಕಡೆ ಮಾಂಸದೂಟ ಆಗಲೇಬೇಕು. ಊರವರು ಸೇರಿ ಕುರಿ ಕಡಿದು ಹಂಚಿಕೊಂಡ ಗುಡ್ಡೆ ಮಾಂಸದಲ್ಲಿ ನಮ್ಮ ಪಾಲು ಒಲೆಯ ಮೇಲೆ ಬೇಯುತ್ತಿತ್ತು, ನಾಟಿಕೋಳಿಯೂ ಇತ್ತು. ಅಷ್ಟಿದ್ದರೂ ಕಿಕ್ಕೇರಿಯಿಂದ ನಿಮ್ಮ ಚಿಕ್ಕತಾತ, ಅಂದರೆ ನನ್ನ ಮೈದುನ, ಬೈಕಿನ ಹಿಂದೆ ಪಂಜರ ಕಟ್ಟಿಕೊಂಡು ಬಂದ. ಒಳಗಿದ್ದದ್ದು ದೀವದ ಹಕ್ಕಿ, ಪಳಗಿಸಿದ ಗಂಡು ಗೌಜಲು. ಅದನ್ನು ಬೇಲಿಯ ಬಳಿ ಇಟ್ಟರೆ ಕೂಗುತ್ತದೆ. ತನ್ನ ಜಾಗಕ್ಕೆ ಬೇರೊಂದು ಗಂಡು ನುಗ್ಗಿತೆಂದು ಅಲ್ಲಿಯದು ಜಗಳಕ್ಕೆ ಓಡಿಬಂದು, ಸುತ್ತ ನೆಟ್ಟ ನೈಲಾನ್ ಉರುಳಿಗೆ ಸಿಕ್ಕಿಬೀಳುತ್ತದೆ. ಸಂಸಾರ ಕಾಯಲು ಬಂದದ್ದನ್ನು ಹೀಗೆ ಹಿಡಿಯುವುದಕ್ಕೆ ಈ ಗಂಡಸರು ಬೇಟೆ ಅನ್ನುತ್ತಾರೆ.

"ಮರಿ ಅವೆ ಕಣಪ್ಪ," ಎಂದೆ. ಅವನೆದುರು ನಾನು ಅಷ್ಟು ಮಾತಾಡಿದ್ದೇ ಹೆಚ್ಚು.

"ಇರ್ಲಿ ಬುಡತ್ಗೆ. ಗೌಜ್ಲು ಬೀಳ್ದೆ ಅದೆಂತಾ ಒಸ್ತೊಡ್ಕು? ನಮ್ಮಪ್ಪನ್ ಕಾಲ್ದಿಂದ ಬಂದಿರೋದು."

"ಮಟನ್ ಅದಲ್ಲ, ಕೋಳಿ ಅದಲ್ಲ."

"ಗೌಜ್ಲೇ ನೆಂಟ್ರಾಗೋದ್ವಾ ನಿಂಗೆ? ಓಗು, ಮುದ್ದೆ ಕಟ್ಟೋಗು."

ಊಟಕ್ಕೆ ಬಂದು ಜಗಲಿಯಲ್ಲಿ ಕೂತಿದ್ದ ನೆಂಟರ ಗಂಡಸರೆಲ್ಲ ನಕ್ಕರು. ಅವನು ಬೇಲಿಯ ಹತ್ತಿರ ಪಂಜರವಿಟ್ಟು, ಉರುಳು ನೆಟ್ಟು, ಇಸ್ಪೀಟಿಗೆ ಕುಳಿತ.

ನಾನು ಮುದ್ದೆ ತೊಳಸುತ್ತಿದ್ದೆ. ಪಂಜರದ ಹಕ್ಕಿ ಕೂಗಿತು. ದಿಮ್ಮಿಯ ಕಡೆಯಿಂದ ಉತ್ತರ ಬಂತು. ಮತ್ತೆ ಕೂಗು, ಮತ್ತೆ ಉತ್ತರ, ಈ ಸಲ ಬೇಲಿಗೆ ಹತ್ತಿರ. ನನ್ನ ಕೈ ನಿಂತುಹೋಯಿತು. ಹಿಟ್ಟಿನ ಕೈಯಲ್ಲೇ ಹೋಗಿ ಪಂಜರ ಎತ್ತಿಕೊಂಡು ಬಂದು, ಅಡುಗೆಮನೆಯಲ್ಲಿ ರಾಗಿ ಚೀಲದ ಪಕ್ಕ ಇಟ್ಟು, ಒಳಗಿನಿಂದ ಬಾಗಿಲ ಚಿಲಕ ಹಾಕಿದೆ. ಅಲ್ಲೂ ಅದು ಗಂಟಲು ಕಿತ್ತುಹೋಗುವಂತೆ ಕೂಗಿತು.

ಮೈದುನ ಬಾಗಿಲು ತಟ್ಟಿದ. "ಅತ್ಗೆ, ಪಂಜ್ರ ಕೊಡು. ಎಲ್ರಿಗೂ ಒಟ್ಟೆ ಅಸೀತಾ ಅದೆ, ಊಟಕ್ಕಿಕ್ಕು."

"ಗೌಜ್ಲು ಬೀಳ್ದೆ ಒಸ್ತೊಡ್ಕೇ ಇಲ್ಲ ಅಂದ್ಯಲ್ಲ. ಊಟ ಯಾಕೆ?"

ಆಚೆ ಯಾರೋ ಕಿಸಕ್ಕೆಂದರು. ನಾನು ಚಿಲಕ ತೆಗೆಯಲಿಲ್ಲ.

"ಉರ್ಳು ಕಿತ್ತಾಕ್ಬುಟ್ಟು ಬಾ. ಆಮೇಲ್ ಇಕ್ತೀನಿ."

ಗೊಣಗುತ್ತಾ ಹೋಗಿ ಎಲ್ಲ ಕಿತ್ತ. ಕಿಟಕಿಯಿಂದ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಬಡಿಸಿದೆ. ಸಂಜೆ ಅವನು ಹೊರಟಾಗ ಪಂಜರವನ್ನೂ ಕೊಟ್ಟೆ.

ಅತ್ತಿಗೆ ನೆಂಟರನ್ನು ಹಸಿವಿನಲ್ಲಿ ಕೂರಿಸಿದಳೆಂದು ಅವನು ಬೂಕನಕೆರೆಯವರೆಗೂ ಹೇಳಿಕೊಂಡು ಬಂದಿದ್ದಾನೆ. ಊಟ ತಡವಾದದ್ದು ಎಲ್ಲರ ಬಾಯಲ್ಲೂ ಇದೆ, ಬೇಲಿ ಬುಡದಲ್ಲಿ ಮರಿಗಳಿದ್ದದ್ದು ಒಬ್ಬರ ಬಾಯಲ್ಲೂ ಇಲ್ಲ. ಮರುದಿನ ಬೆಳಿಗ್ಗೆ ಅವು ತಾಯಿಯ ಹಿಂದೆ ತಿಪ್ಪೆಗೆ ಓಡಿದವು, ಗಂಡು ಕೂಗುತ್ತಿತ್ತು. ನೋಡಿದವಳು ನಾನೊಬ್ಬಳೇ.

ಅವನ ಹಠ ನನಗೆ ಗೊತ್ತು, ಬರುವ ಯುಗಾದಿಗೂ ಪಂಜರ ತರುತ್ತಾನೆ. ಅಷ್ಟು ಹೊತ್ತಿಗೆ ನಾನಿರಲಿ ಬಿಡಲಿ, ನಡೆದದ್ದು ಏನೆಂದು ನಿಮಗೆ ಗೊತ್ತಿರಬೇಕು. ಈ ಹಾಳೆಗಳನ್ನು ಹರಿಯದ ಹಾಗೆ, ನೆನೆಯದ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ.