ನಾಗವೇಣಿಗೆ ಓದಿ ಹೇಳಿದ ಪುಟ

ಇಲ್ಲದ ಪುಟವೊಂದನ್ನು ನಾನು ನಾಗವೇಣಿಗೆ ಓದಿ ಹೇಳಿದ್ದೇನೆ. ಅವಳಿಗೆ ಕಣ್ಣು ಕಾಣಿಸುವುದಿಲ್ಲ. ಅದಕ್ಕೇ ಅದು ಸಾಧ್ಯವಾಯಿತು — ಇದಕ್ಕಿಂತ ಮೆದುವಾಗಿ ಹೇಳುವ ದಾರಿ ನನಗೆ ಗೊತ್ತಿಲ್ಲ.

ನಾವಿಬ್ಬರೂ ಬಾಲ್ಯದ ಗೆಳತಿಯರು. ನಮ್ಮ ತಂದೆಯರು ಕೆಜಿಎಫ್‌ನ ಒಂದೇ ಕಾರ್ಖಾನೆಯಲ್ಲಿದ್ದರು. ಈಗ ಅವಳು ಅಲ್ಲೇ ಚಾಂಪಿಯನ್ ರೀಫ್ಸ್‌ನಲ್ಲಿ ಸಾರಿನ ಪುಡಿ ಮಾಡಿ ಮಾರುತ್ತಾಳೆ. ಆರ್ಡರುಗಳೆಲ್ಲ ಫೋನಿನ ಆ್ಯಪ್‌ನಲ್ಲಿ ಬರುತ್ತವೆ. ನಾನು ಉರಿಗಾಂನ ಮನೆಯಲ್ಲೇ ಕೂತು ಒಂದು ಸಾಫ್ಟ್‌ವೇರ್ ಕಂಪನಿಗೆ ಕೈಪಿಡಿ ಬರೆಯುತ್ತೇನೆ.

ಎರಡು ವರ್ಷದ ಹಿಂದೆ ಹೊಸದೊಂದು ಉಪಕರಣದ ಕೈಪಿಡಿ ನನ್ನ ಪಾಲಿಗೆ ಬಂತು. ನಮ್ಮ ಪರವಾಗಿ ಆ್ಯಪ್‌ಗಳಲ್ಲಿ ಕೆಲಸ ಮಾಡುವ ಎಐ ಏಜೆಂಟ್‌ಗಳಿವೆಯಲ್ಲ — ಪರದೆಯ ಮೇಲೆ ಯಾವ ಬಟನ್ ಎಲ್ಲಿದೆ, ಯಾವ ಖಾನೆ ಯಾತಕ್ಕಿದೆ ಎಂದು ಅವಕ್ಕೆ ತಿಳಿಸುವ ಉಪಕರಣ ಅದು. ಅದು ಬಟನ್ನಿನ ಚಿತ್ರ ನೋಡುವುದಿಲ್ಲ. ಆ್ಯಪ್ ಮಾಡಿದವರು ಒಳಗೆ ಬರೆದಿಟ್ಟ ಹೆಸರನ್ನು ಓದುತ್ತದೆ. ನಾಗವೇಣಿಯ ಫೋನು ಗಟ್ಟಿಯಾಗಿ ಓದಿ ಹೇಳುವುದೂ ಅದೇ ಹೆಸರನ್ನೇ.

ಇದನ್ನು ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. "ಅಂಗಾರೆ ನಿಮ್ ಏಜೆಂಟೂ ನನ್ನಂಗೇ ಅನ್ನು! ನನ್ ಆ್ಯಪು 'ಬಟನ್, ಬಟನ್' ಅಂತ ಒದರ್ತದೆ, ಯಾವ ಬಟನ್ನು ಅಂತ ಯೋಳಲ್ಲ. ಮೊನ್ನೆ ಒಪ್ಕೊಳ್ಳೋ ಆರ್ಡರ್ನ ರದ್ದು ಮಾಡ್ಬುಟ್ಟೆ. ಎಲ್ಲಾದುಕ್ಕೂ ಎಸ್ರು ಇಡ್ರಪ್ಪಾ ಅಂತ ನಿನ್ ಪುಸ್ತಕದಾಗೆ ಬರಿಯೇ."

ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಆ ಆರ್ಡರ್ ಆ್ಯಪ್‌ನವರೂ ನಮ್ಮ ಉಪಕರಣವನ್ನೇ ಕೊಂಡಿದ್ದರು. ಬರೆದಿದ್ದರೆ ನೇರವಾಗಿ ಅವರ ಕೈಗೇ ತಲುಪುತ್ತಿತ್ತು. ಆದರೆ ಮ್ಯಾನೇಜರು, "ಆ ಪುಟ ಈಗ ಬೇಡ, ಮುಂದೆ ನೋಡೋಣ" ಎಂದರು. ನಾನು ಎರಡನೇ ಮಾತಾಡಲಿಲ್ಲ. ಕೆಲಸ ಹೊಸದು, ನನಗೆ ಹೆದರಿಕೆ — ಇರಲಿ, ಅದು ಕಾರಣವಲ್ಲ.

ಕೈಪಿಡಿ ಮುಗಿಯಿತೆಂದಾಗ ನಾಗವೇಣಿ, "ನನ್ ಪುಟ ಓದು" ಅಂದಳು. ಬರವಣಿಗೆಯೆಲ್ಲ ಇಂಗ್ಲಿಷಿನಲ್ಲಿತ್ತು; ಕನ್ನಡಕ್ಕೆ ತಿರುಗಿಸಿ ಹೇಳುವವಳಂತೆ ಲ್ಯಾಪ್‌ಟಾಪ್ ತೆರೆದು, ಬಾಯಿಗೆ ಬಂದದ್ದನ್ನು ಓದುವ ಧ್ವನಿಯಲ್ಲಿ ಹೇಳುತ್ತಾ ಹೋದೆ. ಅವಳು ತಲೆಯಾಡಿಸುತ್ತಾ ಕೇಳಿದಳು. ಆ ಮುಖದ ಮೇಲಿನ ಹೆಮ್ಮೆ — ಬೇಡ.

ಬಂಗಾರಪೇಟೆಯಲ್ಲಿ ಕಣ್ಣು ಕಾಣದವರದೊಂದು ಗುಂಪು ಭಾನುವಾರ ಸೇರುತ್ತದೆ. ಈ ಪುಟದ ವಿಷಯವನ್ನು ನಾಗವೇಣಿ ಅಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಒಂದು ಭಾನುವಾರ ಅವಳನ್ನು ಕರೆದುಕೊಂಡು ಬರಲು ಹೋದವಳು ಬಾಗಿಲಲ್ಲೇ ನಿಂತೆ. ಗುಂಪಿನ ಹಿರಿಯರಾದ ಮುನಿಯಪ್ಪನವರು ಕೇಳುತ್ತಿದ್ದರು: "ಎಲ್ಲೈತಮ್ಮಾ ನಿನ್ ಫ್ರೆಂಡು ಬರ್ದಿದ್ದು? ಆ್ಯಪು ಇನ್ನೂ ಬಟನ್ನು ಬಟನ್ನು ಅಂತ್ಲೇ ಅಂತದೆ." ಒಂದಿಬ್ಬರು ನಕ್ಕರು.

"ಅವ್ಳು ಬರ್ದವ್ಳೆ ಅಣ್ಣ. ನನ್ ಕಿವಿಯಾರ ಕೇಳಿವ್ನಿ. ಅವ್ಳು ಸುಳ್ಳು ಯೋಳಲ್ಲ."

ವಾಪಸು ಬರುವಾಗ ಬಸ್ ನಿಲ್ದಾಣದ ಹತ್ತಿರ ಪಾನಿಪುರಿ ತಿನ್ನುತ್ತಾ ನಿಂತಿದ್ದೆವು.  ಆ ಪುಟ ಬರೆದೇ ಇಲ್ಲವೆಂದು ಹೇಳಿಬಿಟ್ಟೆ.

ಅವಳು ತಟ್ಟೆ ಕೆಳಗಿಟ್ಟಳು. "ಅವತ್ತು ನೀನು ಓದಿದ್ದು?"

"ಅಲ್ಲಿ ಏನೂ ಇರಲಿಲ್ಲ, ನಾಗು."

"ಬರೀಲಿಲ್ಲ ಅಂದಿದ್ರೆ ನಾಕು ಬೈದು ಸುಮ್ಕಾಗ್ತಿದ್ದೆ ಕಣೇ. ಕಣ್ಣಿರೋರು ಪಕ್ಕದಾಗೆ ಕೂತಿದ್ರೆ ಅಂಗೆ ಓದ್ತಿದ್ಯಾ?"

ಉತ್ತರ ನಮ್ಮಿಬ್ಬರಿಗೂ ಗೊತ್ತಿತ್ತು.  ಬಸ್ಸಿನಿಂದ ಇಳಿಯುವಾಗ ಅವಳು ನನ್ನ ತೋಳು ಹಿಡಿಯಲಿಲ್ಲ. ಮಡಚಿಟ್ಟಿದ್ದ ಕೋಲು ಬಿಚ್ಚಿಕೊಂಡು ಒಬ್ಬಳೇ ನಡೆದಳು.

ಮರುದಿನ ಮ್ಯಾನೇಜರಿಗೆ ಎಲ್ಲವನ್ನೂ ಹೇಳಿ, ಪುಟ ಸೇರಿಸಲೇಬೇಕು ಎಂದೆ. ಹೆಸರಿಲ್ಲದ ಬಟನ್‌ಗಳಿಂದ ಏಜೆಂಟ್‌ಗಳೂ ಎಡವುತ್ತಿದ್ದವು. ಅವರು ತಕ್ಷಣ ಒಪ್ಪಿದರು. "ಆಗಲೇ ಇಷ್ಟು ಗಟ್ಟಿಯಾಗಿ ಕೇಳಬಾರದಿತ್ತೇನ್ರಿ?" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಪುಟ ಪ್ರಕಟವಾದ ಮೇಲೆ ಬಂಗಾರಪೇಟೆಗೆ ಹೋಗಿ ಗುಂಪಿನ ಮುಂದೆ ನಿಂತು, ನಾಗವೇಣಿ ಹೇಳಿದ್ದು ಸುಳ್ಳಲ್ಲ, ಸುಳ್ಳು ನನ್ನದು ಎಂದೆ. ಮುನಿಯಪ್ಪನವರು, "ಆಯ್ತು ಬುಡಮ್ಮ. ಈಗಾದ್ರೂ ಐತಾ? ಕೇಳ್ಸು" ಅಂದರು. ನಾನು ಮಾಡಿಟ್ಟುಕೊಂಡಿದ್ದ ಅದರ ಕನ್ನಡ ಅನುವಾದವನ್ನು ಅವರದೇ ಫೋನು ಓದಿತು. ಮೂಲೆಯಲ್ಲಿ ಕೂತಿದ್ದ ನಾಗವೇಣಿ ಒಂದು ಕಡೆ ತಡೆದು, "ಈ ಮಾತು ಯಾರ್ಗೂ ಅರ್ತ ಆಗಲ್ಲ, ಬಿಡ್ಸಿ ಬರಿ" ಎಂದಳು. ತಿಂಗಳುಗಳ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ಅಲ್ಲೇ ಕೂತು ತಿದ್ದಿದೆ.

ಈಚೆಗೆ ಅವಳ ಆ್ಯಪ್ ಬದಲಾಗಿದೆ. ಬೆಳಿಗ್ಗೆಯೇ ಫೋನು ಮಾಡಿ ಕೂಗಿದಳು: "'ಒಪ್ಪಿಕೊಳ್ಳಿ' ಅಂತು ಕಣೇ, ನೆಟ್ಟಗೆ ಕನ್ನಡದಾಗೆ!" ಅಡುಗೆಮನೆಯಲ್ಲಿ ನಿಂತಲ್ಲೇ ಅತ್ತು, ನಕ್ಕೆ.

ಅವಳು ಮತ್ತೆ ಮನೆಗೆ ಬರುತ್ತಾಳೆ, ಜಗಳವಾಡುತ್ತಾಳೆ, ಪುಡಿಗೆ ಧನಿಯಾ ಹುರಿಯಲು ನನ್ನನ್ನೇ ಕೂರಿಸುತ್ತಾಳೆ. ನಾನು ನಿಜ ಹೇಳುವ ತನಕ ಅವಳು ನನಗಾಗಿ ಎಷ್ಟು ಜನರ ಮುಂದೆ ಆಣೆಯಿಟ್ಟಿದ್ದಳೋ, ಅವಳು ಹೇಳಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಿಲ್ಲ. ನಾನು ಕೇಳುವುದೂ ಇಲ್ಲ.