ಯಾನಿಸ್‌ನ ಎರಡು ಬೆರಳು

ಯಾನಿಸ್ ಅಂದು ನನ್ನ ಕಡೆ ಎರಡು ಬೆರಳು ತೋರಿಸಿದನೋ ಇಲ್ಲವೋ, ಆಣೆಯಿಟ್ಟು ಹೇಳಲಾರೆ. ನೆನಪನ್ನು ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಆದರೂ ಕಣ್ಣು ಮುಚ್ಚಿದರೆ ಆ ಬೆರಳುಗಳು ಎದ್ದು ನಿಲ್ಲುತ್ತವೆ.

ಇಂಗ್ಲೆಂಡಿನ ಡರ್ಬಿಗೆ ಬಂದ ಮೊದಲ ವಾರ ಬಸ್ಸಿನ ಚಾಲಕಿ ನನ್ನನ್ನು ‘ಡಕ್’ ಎಂದಳು. ಬಾತುಕೋಳಿ! ಇಲ್ಲಿ ಅದು ಅಕ್ಕರೆಯ ಮಾತೆಂದು ತಿಳಿಸಿದವನು ಪಕ್ಕದ ಬಾಡಿಗೆ ಕೋಣೆಯ ಯಾನಿಸ್, ಲಾಟ್ವಿಯಾದ ಬಾಸ್ಕೆಟ್‌ಬಾಲ್ ಆಟಗಾರ. ಅಲ್ಲಿ ಇಡೀ ಕ್ರೀಡಾಂಗಣವೇ ಅವನ ಹೆಸರು ಕೂಗುತ್ತಿತ್ತಂತೆ. ಮೊಣಕಾಲು ಕೈಕೊಟ್ಟ ಮೇಲೆ ಆ ಹೆಸರು ಇಲ್ಲಿನ ಗೋದಾಮೊಂದರ ರೋಟಾದಲ್ಲಿ, ಅಂದರೆ ಪಾಳಿಯ ಪಟ್ಟಿಯಲ್ಲಿ, ಉಳಿದಿತ್ತು. ಭಾನುವಾರ ಮಾತ್ರ ಸಣ್ಣ ಕ್ಲಬ್ಬೊಂದಕ್ಕೆ ಕೋಚ್. ಅವನ ಊರಿನ ಕಪ್ಪು ಬ್ರೆಡ್ಡಿಗೆ ನಮ್ಮ ರಾಗಿರೊಟ್ಟಿಯ ಬಣ್ಣ; ಚಟ್ನಿಪುಡಿ ಹಚ್ಚಿ ತಿನ್ನುತ್ತಿದ್ದೆವು.

ಮಂಡ್ಯದ ಕಾಲೇಜು ತಂಡದಲ್ಲಿ ಮೂರು ವರ್ಷ ಬೆಂಚಿನಲ್ಲೇ ಕಳೆದೆ ಎಂದಾಗ ನಕ್ಕ. "ಕೂತು ಅಭ್ಯಾಸವಿದೆಯಲ್ಲ, ನಮ್ಮ ಸ್ಕೋರು ನೀನೇ ಬರಿ." ಅಂಕಣದ ಬದಿಯ ಮೇಜಿನಲ್ಲಿ ಬರೆಯುವವನೂ ಬೋರ್ಡಿನ ಅಂಕಿ ತಿರುಗಿಸುವವನೂ ನಾನೊಬ್ಬನೇ. ಚೆಂಡು ಬಾಸ್ಕೆಟ್ಟಿಗೆ ಬಿದ್ದಾಗ ಯಾನಿಸ್ ನನ್ನತ್ತ ಎರಡು ಬೆರಳು ಎತ್ತುತ್ತಿದ್ದ: ಎರಡು ಅಂಕ. ಈ ಊರಿನಲ್ಲಿ ನನ್ನದೆನ್ನಲು ಸಿಕ್ಕ ಮೊದಲ ಕುರ್ಚಿ ಅದು.

ಕೊನೆಯ ಪಂದ್ಯ ಗೆದ್ದರೆ ಕ್ಲಬ್ಬು ಅವನಿಗೆ ಪೂರ್ಣಾವಧಿ ಕೆಲಸ ಕೊಡುವುದಿತ್ತು. ಆಟದ ನಡುವೆ ಮಂಡ್ಯದಿಂದ ತಂಗಿಯ ವೀಡಿಯೊ ಕರೆ. ಅಲ್ಲಿ ಸಂಜೆ, ಅವಳ ಮಗಳ ತೊಟ್ಟಿಲು ಶಾಸ್ತ್ರ.

"ಅಣ್ಣ, ಹೆಸರು ಕೂಗ್ತಿದಾರೆ, ನೋಡೋ! ಸೋದರಮಾವನೇ ಇಲ್ದೆ ಶಾಸ್ತ್ರ ಆಗ್ತಿದೆ."

"ನೋಡ್ತಿದೀನಿ ಕಣೇ, ಫೋನು ಆ ಕಡೆ ತಿರುಗ್ಸು."

ಎಷ್ಟು ಹೊತ್ತು ನೋಡಿದೆ? ಒಂದು ಕ್ಷಣ ಎಂದೇ ನನ್ನ ನೆನಪು.

ತಂಡ ಒಂದೇ ಅಂಕದಿಂದ ಸೋತಿತು. ಕಾರ್ ಪಾರ್ಕಿನಲ್ಲಿ ಯಾನಿಸ್‌ನನ್ನು ಕೇಳಿದೆ, "ನಾನೇನಾದರೂ ಒಂದು ಬಾಸ್ಕೆಟ್ ಬರೆಯದೆ ಬಿಟ್ಟೆನಾ?"

"ಮೇಜಿನವರು ಬರೆದದ್ದೇ ಸ್ಕೋರು," ಎಂದ. ನಾಲ್ಕು ಹೆಜ್ಜೆ ಹೋಗಿ ತಿರುಗಿದ. "ಮಗುವಿಗೆ ಏನು ಹೆಸರಿಟ್ಟರು?"

ಹೀಗೆ ಕೇಳಿದ್ದು ನಿಜವೋ, ಆಮೇಲೆ ನಾನೇ ಕಟ್ಟಿಕೊಂಡದ್ದೋ?

ತಿಂಗಳೊಳಗೆ ಅವನು ಲಾಟ್ವಿಯಾಕ್ಕೆ ಹೊರಟುಹೋದ. ಈಗಲೂ ಗೋಡೆಯಾಚೆ ಚೆಂಡು ಪುಟಿದಂತಾಗುತ್ತದೆ. ಅಲ್ಲಿರುವ ಹೊಸಬನ ಬಳಿ ಚೆಂಡಿಲ್ಲ, ಕೇಳಿದ್ದೇನೆ. ಊರಿಗೆ ಹೋದಾಗ ತಂಗಿಯ ಮಗು ನನ್ನ ಮುಖ ಕಂಡು ಅತ್ತಿತು.

ಮೊನ್ನೆ ಆಟಗಾರನೊಬ್ಬನ ತಂದೆ ತೆಗೆದಿದ್ದ ಆ ಪಂದ್ಯದ ವೀಡಿಯೊ ಸಿಕ್ಕಿತು. ಯಾನಿಸ್ ಅದರಲ್ಲಿಲ್ಲ, ಬೆರಳುಗಳೂ ಇಲ್ಲ. ನಮ್ಮವನೊಬ್ಬ ಎಸೆದ ಚೆಂಡು ಬಾಸ್ಕೆಟ್ಟಿನೊಳಗೆ ಬೀಳುತ್ತದೆ. ಮೇಜಿನ ಬಳಿ ನಾನು ತಲೆ ತಗ್ಗಿಸಿ, ಫೋನಿನತ್ತ ನಗುತ್ತಿದ್ದೇನೆ. ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ: ಬೋರ್ಡಿನ ಅಂಕಿ ಬದಲಾಗುವುದಿಲ್ಲ.