ಹದಿನಾರು ಪುಟಗಳ ಹೊಲಿಗೆ

ಕೊಪ್ಪಳದಲ್ಲಿ ವಿಶ್ವವಿದ್ಯಾಲಯ ಶುರುವಾದ ಮರುವರ್ಷ, ಹೈಸ್ಕೂಲ್ ಶಿಕ್ಷಕಿಯಾದ ನಾನು ಮತ್ತು ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯ ಶರಣಪ್ಪ ಸೇರಿ ಒಂದು ಸಣ್ಣ ಪ್ರಕಾಶನ ಆರಂಭಿಸಿದೆವು. ನಮ್ಮ ಕಡೆಯ ಜನ ಬರೆದದ್ದನ್ನು ನಾವೇ ಅಚ್ಚು ಹಾಕಿಸಬೇಕೆಂಬ ಹಟ. ಮೊದಲ ಪುಸ್ತಕ ಗಂಗಾವತಿಯ ಹಾಜರಾಬಿಯವರ ಆತ್ಮಕಥೆ. ಗಂಡ ತೀರಿಕೊಂಡ ಮೇಲೆ ಅವರ ಟೇಲರಿಂಗ್ ಅಂಗಡಿಯನ್ನು ತಾವೇ ನಡೆಸಿದವರು. ಏಳನೇ ತರಗತಿವರೆಗೆ ಓದಿದ್ದ ಆಕೆ ಮೂರು ನೋಟ್‌ಬುಕ್ ತುಂಬ ಬರೆದಿಟ್ಟಿದ್ದರು.

ಬಿಡುಗಡೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಹಿಂದಿನ ದಿನ ಮಧ್ಯಾಹ್ನ ಪ್ರೆಸ್ಸಿನಿಂದ ನೂರು ಪ್ರತಿಗಳು ಬಂದವು. ಖುಷಿಯಿಂದ ಒಂದನ್ನು ತಿರುವಿದೆ. ನಲವತ್ತೆಂಟನೇ ಪುಟದ ನಂತರ ಮತ್ತೆ ಮೂವತ್ತಮೂರು! ಹದಿನಾರು ಪುಟ ಎರಡೆರಡು ಸಲ ಬಂದು, ಮುಂದಿನ ಹದಿನಾರು ಪುಟ ಬಿಟ್ಟೇ ಹೋಗಿದ್ದವು. ಎಲ್ಲ ಪ್ರತಿಗಳದೂ ಅದೇ ಕಥೆ. ಹಾಜರಾಬಿ ಸಂಬಂಧಿಕರ ವಿರೋಧ ಕಟ್ಟಿಕೊಂಡು ಮೊದಲ ದಿನ ಅಂಗಡಿಯಲ್ಲಿ ಕೂತ ಅಧ್ಯಾಯವೇ ಇರಲಿಲ್ಲ.

ವಾರದ ಹಿಂದೆ ಪ್ರೆಸ್ಸಿನವರು ಮಾದರಿ ಪ್ರತಿ ಕಳಿಸಿದ್ದರು. ಮುಖಪುಟ ನೋಡಿ, ಒಳಗೆ ಪ್ರಕಾಶಕಿಯೆಂದು ನನ್ನ ಹೆಸರು ನೋಡಿ, ಫೋನಿನಲ್ಲಿ "ಓಕೆ" ಅಂದುಬಿಟ್ಟಿದ್ದೆ. ಪುಟ ತಿರುವಿರಲಿಲ್ಲ.

"ಇದ್ದಂಗ ಬಿಡುಗಡಿ ಮಾಡೂಣ್ರಿ ಮೇಡಂ. ಪುಟ ಯಾರ್ ಎಣಸ್ತಾರ?" ಅಂದ ಶರಣಪ್ಪ. ಒಂದು ಕ್ಷಣ ನನಗೂ ಹಾಗೇ ಅನಿಸಿತು. ಆದರೆ ಬರೆದವರಿಗೆ ಹೇಳದೆ ಹೇಗೆ? ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವ ಹಾಜರಾಬಿಯವರಿಗೆ ಫೋನ್ ಮಾಡಿದೆ.

"ಬಿಟ್ಟುಹೋದ ಹಾಳಿ ಎಲ್ಲಿ ಅದಾವ್ರಿ?" ಎಂದಷ್ಟೇ ಕೇಳಿದರು.

"ಪ್ರೆಸ್ಸಿನ್ಯಾಗ ಮಡಚಿ ಇಟ್ಟಾರಂತ್ರಿ ಖಾಲಾ. ಬೈಂಡ್ ಆಗಿಲ್ಲ."

"ತರಿಸಿ ಇಡ್ರಿ. ಮುಂಜಾನಿ ಮೊದಲ್ನೇ ಬಸ್ಸಿಗೆ ಬರ್ತೀನಿ."

ಬೆಳಿಗ್ಗೆ ಏಳಕ್ಕೆಲ್ಲ ತಮ್ಮ ಅಂಗಡಿಯ ಇಬ್ಬರು ಹೆಂಗಸರೊಂದಿಗೆ ಸಭಾಂಗಣಕ್ಕೆ ಬಂದರು. ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೆಚ್ಚಾಗಿದ್ದ ಪುಟಗಳನ್ನು ಬ್ಲೇಡಿನಿಂದ ಕತ್ತರಿಸಿ, ಬುಡದಲ್ಲಿ ಬೆರಳಗಲದ ಅಂಚು ಉಳಿಸಿಕೊಂಡು, ಆ ಅಂಚಿಗೆ ನಾವು ರಾತ್ರಿಯೇ ಪ್ರೆಸ್ಸಿನಿಂದ ತರಿಸಿಟ್ಟಿದ್ದ ಹಾಳೆಗಳನ್ನು ದಪ್ಪ ದಾರದಲ್ಲಿ ಹೊಲಿದು ತೋರಿಸಿದರು.

"ಅಂಚು ಬಿಡದ ಕತ್ತರಸಬ್ಯಾಡ್ರಿ, ಹೊಲಿಗಿ ನಿಲ್ಲೂದಿಲ್ಲ" ಎಂದು ಎಚ್ಚರಿಸಿದರು. ಶರಣಪ್ಪ ಕತ್ತರಿಸಿದ, ನಾನು ಜೋಡಿಸಿದೆ, ಆ ಮೂವರೂ ಹೊಲಿದರು.

ನನಗೆ ತಡೆಯಲಾಗಲಿಲ್ಲ. "ತಪ್ಪು ನಂದ್ರಿ ಖಾಲಾ. ಒಳಗ ನೋಡದ ಓಕೆ ಅಂದೆ" ಅಂದೆ.

ಅವರು ತಲೆ ಎತ್ತಲಿಲ್ಲ. "ನಾ ಹೊಲದ ಮೊದಲ್ನೇ ಜಂಪರಿಗೆ ಎರಡೂ ಎಡಗಡೆ ತೋಳ ಹಚ್ಚಿದ್ದೆ. ಬಿಚ್ಚಿ ಮತ್ತ ಹೊಲದೆ. ಆ ದಾರಾ ಕೊಡ್ರಿ ಇತ್ಲಾಗ."

ಜನ ಸೇರುವಾಗ ಅರವತ್ತು ಪ್ರತಿ ಮುಗಿದಿದ್ದವು. ಹಾಜರಾಬಿಯವರನ್ನು ವೇದಿಕೆಗೆ ಕರೆದರೆ, "ಇನ್ನ ಉಳದಾವ್ರಿ, ನೀವು ಶುರು ಮಾಡ್ರಿ" ಅಂದರು. ಶರಣಪ್ಪ ಮೈಕಿನಲ್ಲಿ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದ. ಸಭಿಕರಲ್ಲಿ ನಾಲ್ಕೈದು ಹೆಂಗಸರು ಎದ್ದು ಬಂದು ಸೂಜಿ ಕೇಳಿ ಪಡೆದು ಕೂತರು. ಅತಿಥಿಗಳ ಭಾಷಣ ಮುಗಿಯುವುದರೊಳಗೆ ನೂರೂ ತಯಾರಾದವು.

ಆಮೇಲೆ ಹಾಜರಾಬಿ ವೇದಿಕೆ ಹತ್ತಿ, ಬಿಟ್ಟುಹೋಗಿದ್ದ ಆ ಅಧ್ಯಾಯವನ್ನೇ ಓದಿದರು. ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ, ಒಂದು ಶಬ್ದವನ್ನೂ ಬಿಡದೆ ಓದಿದರು.

ಹೋಗುವಾಗ ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಪುಸ್ತಕದ ಹೊಲಿಗೆ ಮುಟ್ಟಿ, "ಕಿತ್ತು ಬರೂದಿಲ್ಲೇನ್ರಿ?" ಎಂದು ಕೇಳಿದಳು.

"ನಾ ಹೊಲದದ್ದೈತಿ. ಬರೂದಿಲ್ಲ, ಓದು" ಅಂದರು ಹಾಜರಾಬಿ.

ಆಮೇಲೆ ನಾವು ಆರು ಪುಸ್ತಕ ತಂದಿದ್ದೇವೆ. ಪ್ರತಿಯೊಂದರ ಪುಟಪುಟವನ್ನೂ ತಿರುವಿಯೇ ಒಪ್ಪಿಗೆ ಕೊಡುತ್ತೇನೆ. ಆದರೂ ನನ್ನ ಕೆಲಸದ ಬಗ್ಗೆ ಹಾಜರಾಬಿಯವರಷ್ಟು ಧೈರ್ಯದಿಂದ ಒಂದು ಮಾತು ಹೇಳಲು ನನಗಿನ್ನೂ ಬಂದಿಲ್ಲ. ಒಂದು ದಿನ ಹೇಳಬೇಕೆಂದೇ ದುಡಿಯುತ್ತಿದ್ದೇನೆ.